ಗೋಡೆಯಕ್ಕ ಮತ್ತು ಮೇಲಿನ ಮನೆಯ ಬಚ್ಚಲು

ಮನೆ ಪರೀಕ್ಷೆಗೆ ಹೋದ ಕಡೆಯೆಲ್ಲ ಗೋಡೆಯಕ್ಕ ಹೊಸ್ತಿಲಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ದೇವರಿಗೆ ಕೈ ಮುಗಿಯುತ್ತಾಳೆ ಅಂತ ಮನೆಯವರು ಅಂದುಕೊಳ್ಳುತ್ತಿದ್ದರು. ಅವಳು ಮಾಡುತ್ತಿದ್ದದ್ದು ವಾಸನೆ ಹಿಡಿಯುವ ಕೆಲಸ. ಹಳೇ ಮನೆಯಲ್ಲಿ ಹೊಸ ಬಣ್ಣದ ವಾಸನೆ ಬಂತೋ, ಅವಳ ಮೈಯೆಲ್ಲ ಉರಿದುಹೋಗುತ್ತಿತ್ತು.

"ಹದಿನೈದು ವರ್ಷ ಈ ಗೋಡೆ ಕಡೆ ತಿರುಗಿ ನೋಡಿರಲ್ಲ. ಮಾರೋ ವಾರ ಬಂದ ತಕ್ಷಣ ಎಲ್ಲಿಲ್ಲದ ಅಕ್ಕರೆ ಉಕ್ಕಿಬಿಡತ್ತೆ," ಅನ್ನುತ್ತಿದ್ದಳು. ಆಮೇಲೆ ಚೀಲದಿಂದ ಟಾರ್ಚು, ಹಿಡಿಕೆಯಿರುವ ಪುಟ್ಟ ಕನ್ನಡಿ, ಒಂದು ಗಾಜಿನ ಗೋಲಿ ತೆಗೆದು ಕೆಲಸಕ್ಕಿಳಿಯುತ್ತಿದ್ದಳು. ಬೆರಳಿನ ಗೆಣ್ಣಿನಿಂದ ಗೋಡೆ ಕುಟ್ಟಿ, ಕಿವಿ ಹಚ್ಚಿ ಕೇಳುತ್ತಿದ್ದುದರಿಂದಲೇ ಅವಳಿಗೆ ಆ ಹೆಸರು ಬಂದದ್ದು. ಗೋಡೆಗೂ ಕಿವಿ ಇದೆ ಅಂತ ಜನ ಹೇಳುತ್ತಾರೆ; ಗೋಡೆಗೆ ಬಾಯಿಯೂ ಇದೆ, ಕೇಳಿಸಿಕೊಳ್ಳೋರಿಲ್ಲ ಅಷ್ಟೆ ಅನ್ನುವುದು ಗೋಡೆಯಕ್ಕನ ವಾದ.

ಈ ಕೆಲಸಕ್ಕೆ ಬರುವ ಮುಂಚೆ ಅವಳು ಬಣ್ಣ ಬಳಿಯುವವಳು. ಹದಿನೆಂಟನೇ ವಯಸ್ಸಿಗೆ ಸೋದರಮಾವನ ಜತೆ ಏಣಿ ಹತ್ತಿದವಳು ಇಪ್ಪತ್ತೆರಡು ವರ್ಷ ಇಳಿಯಲಿಲ್ಲ. ಆ ವರ್ಷಗಳಲ್ಲಿ ಒಂದು ಮನೆಯ ಒಂದೇ ಗೋಡೆಗೆ ಮೂರು ಸಲ ಹೋಗಿದ್ದಳು. ಮೊದಲ ಸಲ ಮಾಲೀಕ ಮನೆ ಮಾರುವವನಿದ್ದ. ಗೋಡೆಯಲ್ಲಿ ತೇವ ಏರಿ ಉಪ್ಪು ಕಕ್ಕುತ್ತಿತ್ತು. "ಎರಡು ಕೋಟು ಪುಟ್ಟಿ ಎಳೆದು ಮುಚ್ಚು, ರಿಜಿಸ್ಟ್ರಿ ಆಗೋವರೆಗೆ ತಡೆದರೆ ಸಾಕು," ಅಂದ ಕಂಟ್ರಾಕ್ಟರ್. ಮುಚ್ಚಿದಳು. ನಾಲ್ಕು ವರ್ಷದ ಮೇಲೆ ಕೊಂಡವನು ತಾನೂ ಮಾರಲು ಹೊರಟ; ಮತ್ತೆ ಮುಚ್ಚಿದಳು. ಮೂರನೇ ಸಲ ಹೋದಾಗ ಆ ಕೋಣೆಯಲ್ಲಿ ಒಬ್ಬ ಮುದುಕಿ ಕೆಮ್ಮುತ್ತಾ ಕೂತಿದ್ದಳು. ಗೋಡೆಯಕ್ಕ ಕೆರೆಯುವ ತಗಡು ಹಿಡಿದು ಕೆಲಸ ಶುರುಮಾಡಿದಳು. ಈರುಳ್ಳಿ ಸಿಪ್ಪೆಯಂತೆ ಒಂದರ ಕೆಳಗೊಂದು ಅವಳದೇ ಬಣ್ಣಗಳು ಎದ್ದುಬಂದವು. ಮುದುಕಿ ಕೆಮ್ಮು ನಿಲ್ಲಿಸಿಕೊಂಡು ಕೇಳಿದಳು:

"ನೀನು ಮೊದಲೂ ಬಂದಿದ್ದೆಯೇನೇ ಮಗಳೇ? ಎಲ್ಲೆಲ್ಲಿ ಕೆರೀಬೇಕು ಅಂತ ಕೇಳದೇನೇ ಗೊತ್ತಾಯ್ತಲ್ಲ ನಿಂಗೆ!"

ಮುದುಕಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ದನಿಯಲ್ಲಿದ್ದದ್ದು ಮೆಚ್ಚುಗೆ. ಗೋಡೆಯಕ್ಕ ತಲೆ ಎತ್ತಲಾರದೆ ಬ್ರಷ್ಷು ಡಬ್ಬ ಅಲ್ಲೇ ಬಿಟ್ಟು ಮನೆಗೆ ಬಂದಳು. ಒಂದು ವಾರ ಕಳೆದ ಮೇಲೆ ಪಕ್ಕದ ಬೀದಿಯಲ್ಲಿದ್ದ ನಿವೃತ್ತ ಇಂಜಿನಿಯರ್ ಒಬ್ಬರ ಬಳಿ ಹೋಗಿ, "ಸಾರ್, ಮುಚ್ಚೋದು ನಂಗೊತ್ತು. ಹುಡುಕೋದು ಹೇಳಿಕೊಡಿ," ಅಂದಳು. ಅವರು ವರ್ಷಗಟ್ಟಲೆ ತಾಳ್ಮೆಯಿಂದ ಹೇಳಿಕೊಟ್ಟರು. ವೈರಿಂಗ್, ಕೊಳಾಯಿ, ಗ್ಯಾಸು, ತಳಪಾಯ, ಎಲ್ಲ. ಕೊನೆಗೆ ಸೋಪಿನ ಪೆಟ್ಟಿಗೆಯಷ್ಟಿದ್ದ, ವಿಷದ ಹೊಗೆ ಸಿಕ್ಕರೆ ಕಿರಿಚುವ ಒಂದು ಯಂತ್ರವನ್ನೂ ಅವಳ ಕೈಗಿಟ್ಟರು.

ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಅವಳ ಗಂಡ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನಕ್ಕಿದ್ದ. "ಇಷ್ಟು ದಿನ ಬಣ್ಣ ಬಳಿದೆ, ಇನ್ನು ಬಣ್ಣ ಬಯಲು ಮಾಡ್ತೀಯಾ. ನಡೀಲಿ. ಆದ್ರೆ ಮೂಗಿನ ತುದೀಲಿರೋ ಆ ಕೋಪಾನ ಮನೇಲೇ ಬಿಟ್ಟು ಹೋಗು ಮಾರಾಯ್ತಿ."

"ಕೋಪ ಬಿಟ್ಟು ಹೋದ್ರೆ ಕಣ್ಣು ಬಿಟ್ಟು ಹೋದ ಹಾಗೆ ಕಣ್ರೀ," ಅಂದಿದ್ದಳು ಅವಳು.

ಹೀಗೆ ಮನೆ ಕೊಳ್ಳುವವರು ಕರೆದಲ್ಲಿಗೆ ಹೋಗಿ, ನೋಡಿ, ವರದಿ ಬರೆದುಕೊಡುವುದು ಅವಳ ಕಸುಬಾಯಿತು. ಆರು ವರ್ಷ ಕಳೆಯಿತು. ಆಗ ಬಂದದ್ದು ಆ ಎರಡಂತಸ್ತಿನ ಮನೆ.

ಕೊಳ್ಳಲು ಹೊರಟವರು ಗಂಡ ಹೆಂಡತಿ. ಹೆಂಡತಿ ಶಾಲೆಯಲ್ಲಿ ಟೀಚರು, ಗಂಡ ಔಷಧಿ ಅಂಗಡಿಯವನು. ತೋರಿಸಲು ಬಂದಿದ್ದ ದಲ್ಲಾಳಿ ಯಾವ ಮಾತಿಗೂ "ಆಯ್ತು ಬಿಡಿ, ಆಯ್ತು ಬಿಡಿ" ಅನ್ನುತ್ತಿದ್ದುದರಿಂದ ಊರೆಲ್ಲ ಅವನನ್ನು ಆಯ್ತುಬಿಡಿ ಅಂತಲೇ ಕರೆಯುತ್ತಿತ್ತು. ಮಾಲೀಕ ಇಸ್ತ್ರಿ ಮಾಡಿದ ಅಂಗಿಯ, ಮೆತ್ತಗಿನ ಮಾತಿನ ಮನುಷ್ಯ. ಬಂದವರಿಗೆಲ್ಲ ತಂಪಾದ ಶರಬತ್ತು ತರಿಸಿದ. ಕೆಳಗಿನ ಮನೆ ಖಾಲಿಯಿತ್ತು, ಮೇಲಿನದರಲ್ಲಿ ಬಾಡಿಗೆಯವರಿದ್ದರು.

ಹೊಸ್ತಿಲಲ್ಲೇ ಗೋಡೆಯಕ್ಕನ ಮೂಗು ಅರಳಿತು. ಬಣ್ಣ ಬಳಿದು ಹತ್ತು ದಿನವೂ ಆಗಿರಲಿಲ್ಲ.

ಮಲಗುವ ಕೋಣೆಯಲ್ಲಿ, ಇಡೀ ಮನೆ ಖಾಲಿಯಿದ್ದರೂ ಒಂದು ಬೀರು ಮಾತ್ರ ಹೊರಗೋಡೆಗೆ ಒತ್ತಿಕೊಂಡು ನಿಂತಿತ್ತು.

"ಇದನ್ನ ಸ್ವಲ್ಪ ಸರಿಸ್ತೀರಾ?"

"ಭಾರ ಇದೆ ಅಕ್ಕಾವ್ರೇ," ಅಂದ ಆಯ್ತುಬಿಡಿ.

"ಖಾಲಿ ಬೀರು ಎಷ್ಟು ಭಾರ ಇರತ್ತೆ?" ಅಂತ ಅವಳೇ ಭುಜ ಕೊಟ್ಟು ನೂಕಿದಳು. ಹಿಂದೆ ಬೂಷ್ಟು ಹಿಡಿದ ಗೋಡೆ, ಪಾಚಿ ಬಣ್ಣದ ದೊಡ್ಡ ನಕಾಶೆಯಂತೆ ಕೂತಿತ್ತು. ಟೀಚರಮ್ಮ ಮೂಗಿಗೆ ಸೆರಗು ಹಿಡಿದರು. ಅಡುಗೆಮನೆಯ ಪ್ಲಗ್ಗಿಗೆ ಮೂರು ತೂತಿದ್ದವು, ಮೂರನೆಯದಕ್ಕೆ ತಂತಿಯೇ ಇರಲಿಲ್ಲ. ಅಂದರೆ ಅರ್ತಿಂಗ್ ಬರೀ ತೋರಿಕೆಗೆ. ನೆಲದ ಮೇಲಿಟ್ಟ ಗೋಲಿ ಯಾರೋ ಕರೆದ ಹಾಗೆ ಮೂಲೆಗೆ ಉರುಳಿಹೋಯಿತು.

"ಇಪ್ಪತ್ತು ವರ್ಷ ಇಲ್ಲೇ ಸಂಸಾರ ಮಾಡಿದ್ದೀವಮ್ಮ. ನಮಗೇನೂ ಆಗಿಲ್ಲ," ಅಂದ ಮಾಲೀಕ.

"ಆಗೋವರೆಗೆ ಯಾರಿಗೂ ಏನೂ ಆಗಿರಲ್ಲ ಸಾರ್," ಅಂದು ಅವಳು ಬರೆದುಕೊಂಡಳು. ಮೇಲೆ ಥಳಕು, ಒಳಗೆ ಹುಳುಕು. ಇದೆಲ್ಲ ಅವಳು ದಿನಬೆಳಗಾದರೆ ನೋಡುವಂಥದ್ದೇ. ಸಿಟ್ಟು ಬಂದಿತ್ತು, ಆದರೆ ದಿನದ ಸಿಟ್ಟು. "ನಡೀರಿ, ಮೇಲಿನದೂ ನೋಡೋಣ."

ಆಯ್ತುಬಿಡಿ ಮೆಟ್ಟಿಲಿಗೆ ಅಡ್ಡ ನಿಂತ. "ಮೇಲೂ ಹೀಗೇ ಇದೆ ಅಕ್ಕಾವ್ರೇ. ಬಾಡಿಗೆಯವರಿದ್ದಾರೆ, ಪಾಪ, ಯಾಕೆ ತೊಂದರೆ ಕೊಡೋದು?"

ಬಾಡಿಗೆಯವರ ಬಗ್ಗೆ ಅವನಿಗೆ ಎಂದಿಲ್ಲದ ಕನಿಕರ ಹುಟ್ಟಿದ್ದು ನೋಡಿಯೇ ಗೋಡೆಯಕ್ಕನಿಗೆ ಅನುಮಾನ ಬಂತು. ಅವನನ್ನು ಪಕ್ಕಕ್ಕೆ ಸರಿಸಿ ಹತ್ತಿದಳು.

ಮೇಲೆ ಮೂವರು ಹೆಂಗಸರ ಸಂಸಾರ. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ತಾಯಿ, ಅವಳ ಅಮ್ಮ, ಮೂರನೇ ಕ್ಲಾಸಿನ ಮಗಳು. ರಜಾದಿನದ ಮಧ್ಯಾಹ್ನ. ಹುಡುಗಿ ಒದ್ದೆ ಕೂದಲು ಬಿಟ್ಟುಕೊಂಡು ಹಾಸಿಗೆಯ ಮೇಲೆ ಮುದುಡಿ ಮಲಗಿದ್ದಳು.

"ಏನಾಯ್ತು ಮಗೂಗೆ?"

"ಏನಾಗತ್ತೆ, ನಾಟಕ," ಅಂದಳು ಅಜ್ಜಿ. "ಸ್ನಾನ ಮಾಡಿಸಿದ್ರೆ ಸಾಕು, ತಲೆನೋವು, ವಾಂತಿ ಅಂತ ಬಿದ್ಕೊಳ್ತಾಳೆ. ಎರಡು ಸಲ ಬಚ್ಚಲಲ್ಲೇ ಎಚ್ಚರ ತಪ್ಪಿದ್ಲು. ರಕ್ತ ಕಮ್ಮಿ ಅಂದ್ರು ಡಾಕ್ಟ್ರು. ನಾಲ್ಕು ಬಾಟ್ಲಿ ಟಾನಿಕ್ಕು ಖಾಲಿಯಾಯ್ತು, ಬಿದ್ಕೊಳ್ಳೋದು ಮಾತ್ರ ನಿಂತಿಲ್ಲ."

"ನಿಮಗೆ?" ಅಂತ ಗೋಡೆಯಕ್ಕ ತಾಯಿಯನ್ನು ಕೇಳಿದಳು.

"ನಂಗೂ ತಲೆ ಸುತ್ತತ್ತೆ ಅಕ್ಕಾ. ನಿಂತ್ಕೊಂಡು ಮಾಡೋ ಕೆಲಸ ಅಲ್ವಾ, ಅದಕ್ಕೇ ಇರಬೇಕು."

"ಕೆಲಸದಲ್ಲಿ ಸುತ್ತತ್ತಾ, ಮನೇಲಿ ಸುತ್ತತ್ತಾ?"

ಆಕೆ ಯೋಚಿಸಿದಳು. ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. "ಮನೇಲೇ ಅಕ್ಕಾ. ಬಚ್ಚಲಲ್ಲಿ ಬಿಸಿನೀರು ಬಿಟ್ಕೊಂಡು ಬಟ್ಟೆ ಒಗೆಯೋವಾಗ."

ಗೋಡೆಯಕ್ಕ ಸೀದಾ ಬಚ್ಚಲಿಗೆ ಹೋದಳು. ಗೋಡೆಯ ಮೇಲೆ ಗ್ಯಾಸ್ ಗೀಸರ್. ಒಳಗೆ ಬೆಳಕು ಬರುವ ಒಂದು ಕಿಂಡಿಯೂ ಇಲ್ಲ. ಎದುರು ಗೋಡೆಯಲ್ಲಿ ಒಂದು ಚೌಕ ಮಾತ್ರ ಸುತ್ತಲಿನದಕ್ಕಿಂತ ನುಣುಪಾಗಿತ್ತು. ಕುಟ್ಟಿದಳು. ಡಬ್ ಡಬ್ ಅಂತು. ಗಾರೆಯಲ್ಲ, ಹಲಗೆ. ಅಲ್ಲೊಂದು ಕಿಟಕಿಯಿತ್ತು, ಯಾರೋ ಹಲಗೆ ಬಡಿದು, ಪುಟ್ಟಿ ಎಳೆದು, ಬಣ್ಣ ಹಚ್ಚಿ ಮುಚ್ಚಿದ್ದರು.

"ಹಿಂದುಗಡೆ ಒಂದು ಸಾಮಾನು ಕೋಣೆ ಮಾಡಿಸ್ದೆ. ಕಿಟಕಿ ಅಡ್ಡ ಬಂತು," ಅಂದ ಬಾಗಿಲಲ್ಲಿ ನಿಂತ ಮಾಲೀಕ.

"ಈ ಗೀಸರಿನ ಹೊಗೆ ಎಲ್ಲಿ ಹೋಗತ್ತೆ?"

"ಪೈಪಿದೆಯಲ್ಲಮ್ಮ."

ಪೈಪಿತ್ತು. ಗೀಸರಿನಿಂದ ಮೇಲೆದ್ದು, ಹೊಸದಾಗಿ ಹಾಕಿಸಿದ್ದ ಪ್ಲಾಸ್ಟಿಕ್ ಸೀಲಿಂಗಿನೊಳಗೆ ಹೊಕ್ಕಿತ್ತು. ಗೋಡೆಯಕ್ಕ ಬಕೆಟ್ಟು ಬೋರಲು ಹಾಕಿ ಹತ್ತಿ, ಒಂದು ತುಂಡು ಸರಿಸಿ, ಕನ್ನಡಿ ಒಳಗೆ ತೂರಿಸಿ ಟಾರ್ಚು ಬಿಟ್ಟಳು. ಪೈಪು ಅಲ್ಲಿಗೇ ಮುಗಿದಿತ್ತು. ಹೊರಗೋಡೆಗೆ ಎರಡು ಮೊಳ ಬಾಕಿಯಿರುವಂತೆಯೇ ಬಾಯಿ ತೆರೆದುಕೊಂಡು ನಿಂತಿತ್ತು. ಸುತ್ತಲೂ ಇಲಿಯ ಮೈಯಂತೆ ದಪ್ಪ ಮಸಿ.

ಅವಳು ಮಗುವನ್ನೂ ಅಜ್ಜಿಯನ್ನೂ ಮೊದಲು ಹೊರಗಿನ ಮೆಟ್ಟಿಲಿಗೆ ಕಳಿಸಿದಳು. ಸೋಪಿನ ಪೆಟ್ಟಿಗೆಯಂಥ ಯಂತ್ರವನ್ನು ಬಚ್ಚಲಿನ ಕಟ್ಟೆಯ ಮೇಲಿಟ್ಟು, ಬಿಸಿನೀರು ತಿರುಗಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಂತಳು. ಗೀಸರಿನ ಗಾಜಿನ ಕಿಂಡಿಯಲ್ಲಿ ನೀಲಿಯಾಗಿರಬೇಕಾದ ಉರಿ ಹಳದಿಯಾಗಿ ನಾಲಿಗೆ ಚಾಚುತ್ತಿದ್ದುದನ್ನು ಬಾಗಿಲು ಎಳೆಯುವ ಮುಂಚೆಯೇ ನೋಡಿದ್ದಳು. ಒಂದು ಮಗು ತಲೆಗೆ ಸೋಪು ಹಚ್ಚಿಕೊಳ್ಳುವಷ್ಟು ಹೊತ್ತು ಕಳೆದಿರಬಹುದು. ಯಂತ್ರ ಕಿರಿಚತೊಡಗಿತು.

ಅವಳು ಉಸಿರು ಹಿಡಿದು ಒಳನುಗ್ಗಿ, ಗ್ಯಾಸು ಆರಿಸಿ, ಮನೆಯ ಕಿಟಕಿ ಬಾಗಿಲನ್ನೆಲ್ಲ ತೆಗೆದು, ಎಲ್ಲರನ್ನೂ ಹೊರಗಟ್ಟಿದಳು. ಟೀಚರಮ್ಮನ ಮುಖ ಬಿಳಿಚಿಕೊಂಡಿತ್ತು. "ಏನದು?"

"ವಿಷದ ಗಾಳಿ. ವಾಸನೆ ಇರಲ್ಲ, ಬಣ್ಣ ಇರಲ್ಲ, ಗೊತ್ತಾಗೋದೇ ಇಲ್ಲ. ತಲೆನೋವು ಬರತ್ತೆ, ನಿದ್ದೆ ಬರತ್ತೆ, ಆಮೇಲೆ ಏಳೋದಿಲ್ಲ. ಆ ಮಗುವಿನದು ನಾಟಕ ಅಲ್ಲ."

ಮಾಲೀಕ ಮೆಟ್ಟಿಲ ಮೇಲೆ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ನೋಡಮ್ಮ, ನೀನು ಬಂದಿರೋದು ಇವರ ಪರವಾಗಿ. ಏನು ಕಂಡ್ಯೋ ಅದನ್ನ ನಿನ್ನ ಪೇಪರಿನಲ್ಲಿ ಬರಿ. ಅವರು ರೇಟು ಇಳಿಸು ಅಂತಾರೆ, ನಾನು ನೋಡ್ಕೋತೀನಿ. ಬಾಡಿಗೆಯವರ ಹತ್ರ ಇದೆಲ್ಲ ಯಾಕೆ?"

"ಆಯ್ತು ಬಿಡಿ ಅಕ್ಕಾವ್ರೇ," ಅಂತ ದಲ್ಲಾಳಿ ದನಿಗೂಡಿಸಿದ. "ಸುಮ್ನೆ ಗಾಬರಿ ಮಾಡಬೇಡಿ. ಹೋದ ಸಲ ಬಂದವರೂ ಇದನ್ನೇ ಹೇಳಿದ್ರು. ಏನಾಯ್ತು? ಏನೂ ಆಗಿಲ್ಲವಲ್ಲ!"

ಹೇಳಬಾರದ್ದು ಹೇಳಿಬಿಟ್ಟೆ ಅಂತ ಆಯ್ತುಬಿಡಿಗೆ ಆಗಲೇ ಹೊಳೆದಿತ್ತು.

"ಹೋದ ಸಲ ಅಂದ್ರೆ?" ಗೋಡೆಯಕ್ಕನ ದನಿ ಇದ್ದಕ್ಕಿದ್ದಂತೆ ತಣ್ಣಗಾಯಿತು.

"ಅದೇ... ಬೇರೆ ಪಾರ್ಟಿ ಬಂದಿತ್ತು. ಅವರೂ ಒಬ್ಬರನ್ನ ಕರೆಸಿ ಚೆಕ್ ಮಾಡಿಸಿದ್ರು. ಆಮೇಲೆ ಬೇಡ ಅಂದ್ರು."

"ಯಾವಾಗ?"

"ನಾಲ್ಕೈದು ತಿಂಗಳಾಯ್ತು."

ಅವಳು ಬಾಡಿಗೆಯ ತಾಯಿಯ ಕಡೆ ತಿರುಗಿದಳು. "ಮಗು ಮೊದಲನೇ ಸಲ ಬಿದ್ದಿದ್ದು ಯಾವಾಗಮ್ಮ?"

"ಮೂರು ತಿಂಗಳ ಹಿಂದೆ."

ಗೋಡೆಯಕ್ಕ ಆಮೇಲೆ ಗಂಡನಿಗೆ ಹೇಳಿದ್ದಳು, ಆ ಹೊತ್ತಿನಲ್ಲಿ ತನ್ನ ಕಿವಿಯೊಳಗೆ ಆ ಯಂತ್ರ ಮತ್ತೆ ಕಿರಿಚಿದ ಹಾಗಾಯಿತು ಅಂತ. ಗೊತ್ತಿಲ್ಲದೆ ಆದ ತಪ್ಪು ಬೇರೆ. ಇಲ್ಲಿ ಒಬ್ಬ ನೋಡಿದ್ದ, ಒಬ್ಬ ಬರೆದಿದ್ದ, ಒಬ್ಬ ಓದಿದ್ದ, ಒಬ್ಬ ಮನೆ ಬೇಡ ಅಂದು ಜೀವ ಉಳಿಸಿಕೊಂಡು ಹೋಗಿದ್ದ. ಮಾಲೀಕ ಮಸಿ ಕಾಣದಂತೆ ಹೊಸ ಸೀಲಿಂಗ್ ಹಾಕಿಸಿದ್ದ. ದಲ್ಲಾಳಿ ಮುಂದಿನ ಗಿರಾಕಿ ಹುಡುಕಿದ್ದ. ಇಷ್ಟೂ ಜನಕ್ಕೆ ಗೊತ್ತಿದ್ದದ್ದು, ದಿನಾ ಆ ಬಚ್ಚಲಲ್ಲಿ ಮೀಯುವ ಮೂವರಿಗೆ ಮಾತ್ರ ಗೊತ್ತಿರಲಿಲ್ಲ.

"ಸಾರ್," ಅಂದಳು ಮಾಲೀಕನಿಗೆ, "ಇವರಿಗೆ ಒಂದು ಮಾತು ಹೇಳೋಕೆ ನಿಮ್ಮ ಬಾಯಿಗೆ ಏನಾಗಿತ್ತು?"

"ದನಿ ಏರಿಸಬೇಡ. ಹೇಗೂ ಮಾರ್ತಾ ಇದ್ದೀನಿ, ಕೊಂಡವರು ಸರಿ ಮಾಡಿಸ್ಕೋತಾರೆ ಅಂತಿದ್ದೆ. ನಂಗೂ ಮೊಮ್ಮಕ್ಕಳಿದ್ದಾರೆ, ನಾನೇನು ರಾಕ್ಷಸನಾ?"

"ಮೊಮ್ಮಕ್ಕಳಿದ್ದಾರಾ? ಸರಿ. ಕರ್ಕೊಂಡು ಬನ್ನಿ. ಇದೇ ಬಚ್ಚಲಲ್ಲಿ, ಇದೇ ಗೀಸರ್ ಹಾಕಿ, ಬಾಗಿಲು ಮುಚ್ಚಿ ಸ್ನಾನ ಮಾಡಿಸಿ. ನಾನು ಇಲ್ಲೇ ಕೂತಿರ್ತೀನಿ."

ಮಾಲೀಕ ಅತ್ತ ಮುಖ ತಿರುಗಿಸಿದ.

ಔಷಧಿ ಅಂಗಡಿಯವನು ಹೆಂಡತಿಯ ತೋಳು ಹಿಡಿದು, "ನಮಗ್ಯಾಕೆ? ಮನೆ ಬೇಡ ಅಂದ್ರಾಯ್ತು. ನಡಿ," ಅಂದ. ಟೀಚರಮ್ಮ ಕದಲಲಿಲ್ಲ. ಅವರ ಕಣ್ಣು ಮೆಟ್ಟಿಲ ಮೇಲೆ ಅಜ್ಜಿಯ ಮಡಿಲಿಗೆ ತಲೆಯಿಟ್ಟಿದ್ದ ಹುಡುಗಿಯ ಮೇಲೆ ನೆಟ್ಟಿತ್ತು.

"ಈ ವರದಿ ನಂದು ತಾನೇ?" ಅಂದರು.

"ನಿಮ್ದೇ."

"ನಂದನ್ನ ನಾನು ಯಾರಿಗೆ ಬೇಕಾದ್ರೂ ಕೊಡಬಹುದು. ಎರಡು ಪ್ರತಿ ಬರೀರಿ. ಒಂದು ಈ ತಾಯಿಗೆ."

ಗೋಡೆಯಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದಳು. ಬರೆದು ಮುಗಿಸಿ ಒಳಗೆ ಹೋಗಿ, ಗೀಸರಿಗೆ ಬರುತ್ತಿದ್ದ ಗ್ಯಾಸಿನ ಕೊಳವೆ ಬಿಚ್ಚಿ, ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಅದು ನನ್ನ ಸಾಮಾನು!" ಅಂದ ಮಾಲೀಕ.

"ಪೊಲೀಸರನ್ನ ಕರೆಸಿ ಸಾರ್. ಅವರ ಮುಂದೆ ವಾಪಸ್ ಕೊಡ್ತೀನಿ, ಯಾಕೆ ಬಿಚ್ಚಿದೆ ಅಂತಾನೂ ಹೇಳ್ತೀನಿ."

ಅವನು ಕರೆಸಲಿಲ್ಲ.

ಮಗುವನ್ನು ಆಸ್ಪತ್ರೆಗೆ ಕರೆದೊಯ್ದವರೂ ಟೀಚರಮ್ಮನೇ. ಗಂಡ ಗೊಣಗುತ್ತಲೇ ಗಾಡಿ ಓಡಿಸಿದ. ಅಲ್ಲಿ ರಕ್ತ ಪರೀಕ್ಷೆ ಮಾಡಿ, ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿದರು. ಇನ್ನೊಂದು ಸಲ ಹೀಗಾಗಿದ್ದರೆ ಇಲ್ಲಿವರೆಗೆ ತರುವ ಕೆಲಸವೇ ಇರುತ್ತಿರಲಿಲ್ಲ ಅಂದರು ಡಾಕ್ಟರು. ತಾಯಿ ಗೋಡೆಗೆ ಒರಗಿ ಕೂತು, ಗೋಡೆಯಕ್ಕನ ಕೈ ಹಿಡಿದುಕೊಂಡಳು.

"ಹೋದ ವಾರ ಹೊಡೆದುಬಿಟ್ಟೆ ಅಕ್ಕಾ. ಶಾಲೆ ತಪ್ಪಿಸೋಕೆ ಬೀಳ್ತೀಯಾ ಅಂತ ಬೆನ್ನ ಮೇಲೆ ಎರಡು ಬಾರಿಸ್ದೆ. ಅವಳು 'ಇಲ್ಲಮ್ಮಾ, ನಿಜ್ವಾಗ್ಲೂ' ಅಂತ ಅಳ್ತಾ ಇದ್ಲು."

ಗೋಡೆಯಕ್ಕ ಆ ಕೈಯನ್ನು ಬಿಗಿಯಾಗಿ ಒತ್ತಿದಳು. ಆ ಎರಡು ಏಟೂ ಸೇರಬೇಕಾದ ಬೆನ್ನು ಬೇರೆ ಇತ್ತು ಅನ್ನಿಸಿ ಹಲ್ಲು ಕಚ್ಚಿಕೊಂಡಳು.

ಎರಡು ದಿನ ಬಿಟ್ಟು ಗೋಡೆಯಕ್ಕನೂ ಆ ತಾಯಿಯೂ ನಗರಸಭೆ ಕಚೇರಿಗೆ ಹೋದರು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ಅರ್ಜಿಯನ್ನು ಮೇಲಿಂದ ಕೆಳಕ್ಕೆ ನೋಡಿದ.

"ಯಾರಾದ್ರೂ ಸತ್ತಿದ್ದಾರಾ?"

"ಇಲ್ಲ."

"ಮತ್ತೆ ಯಾವ ತಲೆಬರಹದಡಿ ತಗೊಳ್ಲಿ? ಅಪಘಾತ ಅಂದ್ರೆ ಅಪಘಾತ ಆಗಿರಬೇಕು. ಅನಧಿಕೃತ ಕಟ್ಟಡ ಅಂದ್ರೆ ಅದು ಬೇರೆ ಟೇಬಲ್ಲು."

"ಸತ್ತ ಮೇಲೆ ಬರಬೇಕಿತ್ತಾ?" ಅಂದಳು ಗೋಡೆಯಕ್ಕ. "ಸತ್ತವರು ಬಂದು ಸಹಿ ಹಾಕೋಕೆ ನೀವೇನಾದ್ರೂ ಬೇರೆ ಕಿಟಕಿ ಇಟ್ಟಿದ್ದೀರಾ?"

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತ ಮುಖ ಗಂಟಿಕ್ಕಿ ಬೇರೆ ಟೇಬಲ್ಲಿಗೆ ಕಳಿಸಿದ. ಬೇರೆ ಟೇಬಲ್ಲಿನವನು ರಜೆಯ ಮೇಲಿದ್ದ. ಅವಳು ಮಾರನೇ ದಿನ ಹೋದಳು, ಅದರ ಮಾರನೇ ದಿನವೂ ಹೋದಳು. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡಿ ಸಾಗಹಾಕುವುದು ಆ ಕಚೇರಿಯವರಿಗೆ ಕರತಲಾಮಲಕ. ಗೋಡೆಯ ವಿಷಯದಲ್ಲಿ ಇವಳ ಮುಂದೆ ಅವರ ಆಟ ನಡೆಯಲಿಲ್ಲ. ಏಳನೇ ಸಲ ಹೋದಾಗ ಒಬ್ಬ ಅಧಿಕಾರಿ, ಇವಳನ್ನು ತೊಲಗಿಸಲಿಕ್ಕಾದರೂ ಇರಲಿ ಅಂತ, ಜೀಪು ಹತ್ತಿ ಬಂದ. ಬಚ್ಚಲು ನೋಡಿದ. ನೋಡಿದ ಮೇಲೆ ಅವನ ಮುಖವೂ ಬದಲಾಯಿತು. ಅವನ ಮನೆಯಲ್ಲೂ ಅದೇ ಥರದ ಗೀಸರ್ ಇತ್ತಂತೆ. ಹಿಂದಿನ ಸಾಮಾನು ಕೋಣೆ ಒಡೆದು ಮುಚ್ಚಿದ ಕಿಟಕಿ ತೆರೆಸಬೇಕು, ಗೀಸರ್ ತೆಗೆಸಬೇಕು ಅಂತ ಅಲ್ಲೇ ನಿಂತು ನೋಟಿಸು ಬರೆದ.

ಮೊದಲು ಬಂದಿದ್ದ ಪರೀಕ್ಷಕ ಯಾರೆಂದು ಅವಳು ಹುಡುಕಿಕೊಂಡೇ ಹೋದಳು. ಗಾಜಿನ ಬಾಗಿಲಿನ ಆಫೀಸು, ಗೋಡೆಯ ತುಂಬ ಸರ್ಟಿಫಿಕೇಟು. ಮನುಷ್ಯ ಕೆಟ್ಟವನೇನಲ್ಲ, ಕೂರಿಸಿ ಚಹಾ ತರಿಸಿದ, ಕಂಪ್ಯೂಟರಿನಲ್ಲಿ ತನ್ನ ವರದಿ ತೆಗೆದು ತೋರಿಸಿದ.

"ನೋಡಿ, ಪ್ರಾಣಾಪಾಯ ಅಂತ ಕೆಂಪಕ್ಷರದಲ್ಲಿ ಬರೆದಿದ್ದೀನಿ. ಅಡಿಗೆರೆ ಕೂಡ ಹಾಕಿದ್ದೀನಿ."

"ಪ್ರಾಣ ಯಾರದ್ದು?"

"ಅಂದ್ರೆ?"

"ಆ ದಿನ ನೀವು ಮೇಲೆ ಹೋದಾಗ ಬಾಗಿಲು ತೆಗೆದಿದ್ದು ಯಾರು?"

ಅವನು ನೆನಪಿಸಿಕೊಂಡ. "ಒಂದು ಸಣ್ಣ ಹುಡುಗಿ."

"ಅವಳಿಗೆ ಹೇಳಿದ್ರಾ? ಅವಳಮ್ಮನಿಗೆ?"

"ವರದಿ ಗೋಪ್ಯ ಅಲ್ವೇನಮ್ಮಾ. ದುಡ್ಡು ಕೊಟ್ಟವರಿಗಷ್ಟೇ ಕೊಡಬೇಕು, ನಿಯಮ ಹಾಗಿದೆ. ಮಾಲೀಕರು ಹೇಳ್ತಾರೆ ಅಂದ್ಕೊಂಡೆ."

ಗೋಡೆಯಕ್ಕ ಚಹಾ ಮುಟ್ಟದೆ ಎದ್ದಳು. "ನಿಯಮ ನಂಗೂ ಗೊತ್ತು ಸಾರ್. ಬೆಂಕಿ ಬಿದ್ದ ಮನೇಲಿ ಮಲಗಿದವರನ್ನ ಎಬ್ಬಿಸೋಕೂ ನೀವು ದುಡ್ಡು ಕೊಟ್ಟವರ ಅಪ್ಪಣೆ ಕೇಳ್ತೀರೇನೋ. ಕೆಂಪಕ್ಷರ ಬರೆದು ಕೈ ತೊಳ್ಕೊಂಡ್ರಿ. ಆ ಮಗುವಿನ ಎದುರು ನಿಂತು, ನಿಮ್ಮ ಬಾಯಿ ಬಿಟ್ಟು ಎರಡು ಮಾತು ಆಡೋಕೆ ನಿಮಗೆ ಎಷ್ಟು ಹೊತ್ತು ಬೇಕಿತ್ತು?"

ಅವನ ಉತ್ತರಕ್ಕೆ ಅವಳು ಕಾಯಲಿಲ್ಲ. ಬೀದಿಗೆ ಇಳಿದು ದಾಪುಗಾಲು ಹಾಕಿದಳು. ಮಾಲೀಕನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಈ ಒಳ್ಳೆಯ ಮನುಷ್ಯನ ಮೇಲೆ ಬಂದಿತ್ತು.

ಇದಕ್ಕೆಲ್ಲ ಬೆಲೆ ತೆರಬೇಕಾಯಿತು. ಗೋಡೆಯಕ್ಕನನ್ನು ಕರೆದರೆ ವ್ಯಾಪಾರ ಕೆಡುತ್ತದೆ ಅಂತ ದಲ್ಲಾಳಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಫೋನು ಬರುವುದು ನಿಂತಿತು. ಎರಡು ತಿಂಗಳು ಅವಳು ಗಂಡನ ಪಕ್ಕ ಕೂತು ಗುಂಡಿ ಹೊಲಿದಳು. ಬೆರಳಿಗೆ ಸೂಜಿ ಚುಚ್ಚಿದಾಗಲೆಲ್ಲ ಮಾಲೀಕನಿಗೆ ಒಂದು, ದಲ್ಲಾಳಿಗೆ ಒಂದು ಬೈಗುಳ ಬೀಳುತ್ತಿತ್ತು.

"ಕೋಪ ಮನೇಲಿ ಬಿಟ್ಟು ಹೋಗು ಅಂದಿದ್ದೆ," ಅಂದ ಗಂಡ. "ಈಗ ನೀನೇ ಮನೇಲಿದ್ದೀಯಾ, ಕೋಪದ ಜತೆ. ನನ್ನ ಗತಿ ನೋಡು."

"ನಾನು ಮಾಡಿದ್ದು ತಪ್ಪಾ?"

ಅವನು ಮಿಷನ್ ನಿಲ್ಲಿಸಿದ. "ತಪ್ಪು ಅಂತ ಯಾವ ನಾಲಿಗೆ ಹೇಳತ್ತೆ? ಗುಂಡಿ ಮಾತ್ರ ನೆಟ್ಟಗೆ ಹೊಲಿ."

ಮಾಲೀಕ ನೋಟಿಸಿನಂತೆ ಕಿಟಕಿ ತೆರೆಸಿದ, ಗೀಸರ್ ತೆಗೆಸಿದ. ಹಾಗೆಯೇ ಬಾಡಿಗೆಯವರಿಗೆ ಮನೆ ಬಿಡಲು ಹೇಳಿದ. ಇದಕ್ಕೆ ಗೋಡೆಯಕ್ಕ ಕುದ್ದುಹೋದಳು: ಹೊಗೆ ಕುಡಿದವರೂ ಅವರೇ, ಬೀದಿಗೆ ಬೀಳುವವರೂ ಅವರೇ. ಕೂಗಾಡಿದಳು, ಕಚೇರಿಗೆ ಹೋಗಿ ಕೇಳಿದಳು. ಕರಾರಿನ ಅವಧಿ ಮುಗಿದಿತ್ತು, ಏನೂ ಮಾಡುವ ಹಾಗಿರಲಿಲ್ಲ. ಬಿಸ್ಕತ್ತು ಕಾರ್ಖಾನೆಯ ತಾಯಿ ಮಾತ್ರ ಶಾಂತವಾಗಿದ್ದಳು. "ಬಿಡಿ ಅಕ್ಕಾ. ಆ ಮನೆ ಮೆಟ್ಟಿಲು ಹತ್ತೋವಾಗ್ಲೇ ಈಗ ಎದೆ ಹಿಡ್ಕೊಳ್ಳತ್ತೆ. ಬೇರೆ ಮನೆ ನೋಡಿದ್ದೀನಿ. ನೀವು ಬಂದು ಒಂದು ಸಲ ಕುಟ್ಟಿ ಕೊಡ್ತೀರಾ?"

ಬಾಡಿಗೆಯವರು ತಾವಾಗಿ ಅವಳನ್ನು ಕರೆದದ್ದು ಅದೇ ಮೊದಲು. ಹೋದಳು. ಎರಡೇ ಕೋಣೆಯ ಮನೆ, ಗೋಡೆ ಹಳತು, ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು. ಅದನ್ನು ನೋಡಿಯೇ ಅವಳಿಗೆ ಅರ್ಧ ಸಮಾಧಾನವಾಯಿತು: ಇಲ್ಲಿ ಯಾರೂ ಏನನ್ನೂ ಮುಚ್ಚಿಲ್ಲ. ಬಚ್ಚಲಿಗೆ ಕಿಟಕಿಯಿತ್ತು, ಕಿಟಕಿಯಾಚೆ ಆಕಾಶವಿತ್ತು. ಒಂದು ಸ್ವಿಚ್ಚು ಸಡಿಲವಾಗಿತ್ತು. ಮಾಲಕಿ ನಿಂತ ನಿಲುವಿನಲ್ಲೇ ರಿಪೇರಿಯವನನ್ನು ಕರೆಸಿದಳು.

ಆ ಮನೆ ಕೊಳ್ಳದೆ ಬಿಟ್ಟ ಟೀಚರಮ್ಮ ತಮ್ಮ ಶಾಲೆಯಲ್ಲಿ ಈ ಕಥೆಯನ್ನು ಒಬ್ಬರಿಗೆ ಹೇಳಿದರು, ಅವರು ಹತ್ತು ಜನಕ್ಕೆ ಹೇಳಿದರು. ಮನೆ ಕೊಳ್ಳುವವರ ಬದಲು ಮನೆಯಲ್ಲಿ ಇರುವವರು ಗೋಡೆಯಕ್ಕನಿಗೆ ಫೋನು ಮಾಡತೊಡಗಿದರು. ನಮ್ಮ ಮಗು ಬೆಳಗಾಗೆದ್ದರೆ ಸೀನುತ್ತೆ, ಬರ್ತೀರಾ? ಫ್ರಿಜ್ಜು ಮುಟ್ಟಿದ್ರೆ ಜುಮ್ ಅನ್ನತ್ತೆ, ಬರ್ತೀರಾ? ಭಾನುವಾರ ಭಾನುವಾರ ಅವಳು ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಮನೆ ಮಾಲೀಕರು ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುವಂತಾಯಿತು. ಕೊಳ್ಳುವವರ ಕೆಲಸವೂ ನಿಧಾನವಾಗಿ ಮರಳಿತು. ಆದರೆ ಈಗ ಅವಳ ಕರಾರು ಪತ್ರದ ಮೊದಲ ಸಾಲು ಬೇರೆ: ಜೀವಕ್ಕೆ ಅಪಾಯವಿರುವಂಥದ್ದು ಏನೇ ಕಂಡರೂ, ಆ ಮನೆಯಲ್ಲಿ ಇರುವವರಿಗೆ ಅಲ್ಲೇ, ಆಗಲೇ ಹೇಳುತ್ತೇನೆ. ಒಪ್ಪಿದವರು ಸಹಿ ಹಾಕಿ.

ನೂರಕ್ಕೆ ಮೂವತ್ತು ಜನ ಈ ಸಾಲು ಓದಿ ಪೆನ್ನು ಕೆಳಗಿಡುತ್ತಾರೆ. ಮೊನ್ನೆ ಒಬ್ಬ ಹಾಗೇ ಇಟ್ಟ. "ಇದೊಂದು ಸಾಲು ತೆಗೆದುಬಿಡಿ ಮೇಡಂ, ಉಳಿದದ್ದೆಲ್ಲ ಸರಿಯಾಗಿದೆ," ಅಂದ.

"ಉಳಿದದ್ದೆಲ್ಲ ತೆಗೆದ್ರೂ ಪರವಾಗಿಲ್ಲ, ಇದು ಇರಲಿ," ಅಂದಳು ಗೋಡೆಯಕ್ಕ. ಕಾಗದ ಮಡಿಸಿ ಚೀಲಕ್ಕೆ ಹಾಕಿ, ಅವನು ಏನೋ ಹೇಳುತ್ತಿದ್ದಂತೆಯೇ ಎದ್ದು ನಡೆದಳು.